ಯಾವ ಮಾತ್ರೆ ಯಾವ ಹೊತ್ತಿಗೆ: ವಿಟಮಿನ್, ಖನಿಜಗಳನ್ನು ದಿನಕ್ಕೆ ಹೊಂದಿಸಿಕೊಳ್ಳುವುದು ಹೇಗೆ

ಬೆಳಗಿನ ತಿಂಡಿ ಮುಗಿಸಿ ಐರನ್, ಕ್ಯಾಲ್ಸಿಯಂ, ಜಿಂಕ್, ಮಲ್ಟಿವಿಟಮಿನ್ ಎಲ್ಲವನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡು ಮೇಲಿಂದ ಕಾಫಿ ಕುಡಿಯುವವರು ಬಹಳ ಮಂದಿ. ಮರೆತುಹೋಗುವುದಿಲ್ಲ ಎನ್ನುವುದೊಂದೇ ಇದರ ಲಾಭ. ಕ್ಯಾಲ್ಸಿಯಂ ಐರನ್ನಿನ ಹೀರಿಕೆಗೆ ಅಡ್ಡ ಬರುತ್ತದೆ, ಕಾಫಿಯೂ ಅಡ್ಡ ಬರುತ್ತದೆ. ಐರನ್ ಪ್ರಮಾಣ ಹೆಚ್ಚಿದ್ದರೆ ಜಿಂಕ್ ಒಳಹೋಗುವುದು ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ನುಂಗಿದರೂ ಹಿಮೋಗ್ಲೋಬಿನ್ ಇದ್ದಲ್ಲೇ ಇದ್ದರೆ ಮಾತ್ರೆಯನ್ನು ದೂರುವ ಮೊದಲು ಅದನ್ನು ತೆಗೆದುಕೊಂಡ ರೀತಿಯನ್ನು ನೋಡಬೇಕು.

ಬೆಳಿಗ್ಗೆಯೋ ರಾತ್ರಿಯೋ ಎಂಬ ಪ್ರಶ್ನೆಗೆ ಹೆಚ್ಚಿನ ಪೂರಕಗಳ ವಿಷಯದಲ್ಲಿ ಅಷ್ಟು ತೂಕವಿಲ್ಲ. ಯಾವುದರ ಜೊತೆಗೆ, ಯಾವುದರಿಂದ ಎಷ್ಟು ಗಂಟೆ ದೂರ ಎಂಬುದರಲ್ಲೇ ಫಲಿತಾಂಶ ನಿಂತಿದೆ. ಇಲ್ಲಿರುವುದೆಲ್ಲ ಆ ಅಂತರಗಳನ್ನು ಲೆಕ್ಕ ಹಾಕುವ ಕ್ರಮ.

ಮೊದಲು ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲಿಡಿ

ವೈದ್ಯರು ಬರೆದುಕೊಟ್ಟ ಔಷಧಿ, ನೀವೇ ತಂದುಕೊಂಡ ಪೂರಕ, ಪುಡಿ, ಎಣ್ಣೆ ಕ್ಯಾಪ್ಸೂಲ್, ಆ್ಯಂಟಾಸಿಡ್ ಎಲ್ಲವೂ ಇರಲಿ. ಒಂದು ಹಾಳೆಯಲ್ಲಿ ಪ್ರತಿಯೊಂದರ ಹೆಸರು, ಅದು ಯಾವ ಲವಣ, ಒಂದು ಮಾತ್ರೆಯಲ್ಲಿ ನಿಜವಾಗಿ ಎಷ್ಟು ಪೋಷಕಾಂಶವಿದೆ ಎಂದು ಬರೆದುಕೊಳ್ಳಿ. ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಸಂಖ್ಯೆ ಎಷ್ಟೋ ಸಲ ಇಡೀ ಲವಣದ ತೂಕ. 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಇರುವ ಕ್ಯಾಲ್ಸಿಯಂ 500 ಮಿಲಿಗ್ರಾಂ. 325 ಮಿಲಿಗ್ರಾಂ ಫೆರಸ್ ಸಲ್ಫೇಟ್‌ನಲ್ಲಿ ಐರನ್ 65 ಮಿಲಿಗ್ರಾಂ. 1000 ಮಿಲಿಗ್ರಾಂನ ಸಾಮಾನ್ಯ ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಎರಡೂ ಸೇರಿ ಸುಮಾರು 300 ಮಿಲಿಗ್ರಾಂ. ವಿಟಮಿನ್ ಡಿ ಒಂದು ಡಬ್ಬಿಯಲ್ಲಿ ಮೈಕ್ರೋಗ್ರಾಂನಲ್ಲಿ, ಇನ್ನೊಂದರಲ್ಲಿ ಐಯು (ಅಂತರರಾಷ್ಟ್ರೀಯ ಯೂನಿಟ್) ಲೆಕ್ಕದಲ್ಲಿ ಇರುತ್ತದೆ; 1 ಮೈಕ್ರೋಗ್ರಾಂ ಎಂದರೆ 40 ಐಯು.

ಬರೆದಾದ ಮೇಲೆ ಒಂದೇ ಪೋಷಕಾಂಶ ಎಷ್ಟು ಡಬ್ಬಿಗಳಲ್ಲಿದೆ ನೋಡಿ, ಕೂಡಿಸಿ. ವಿಟಮಿನ್ ಡಿ ಸಾಮಾನ್ಯವಾಗಿ ಮೂರು ಕಡೆ ಸಿಗುತ್ತದೆ: ಮಲ್ಟಿವಿಟಮಿನ್‌ನಲ್ಲಿ, ಕ್ಯಾಲ್ಸಿಯಂ ಮಾತ್ರೆಯಲ್ಲಿ, ಪ್ರತ್ಯೇಕ ಕ್ಯಾಪ್ಸೂಲಿನಲ್ಲಿ. ಬಿ6 ಮತ್ತು ಜಿಂಕ್ ಕೂಡ ಹೀಗೇ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಈ ಹಂತದಲ್ಲೇ ಒಂದೆರಡು ಡಬ್ಬಿ ಬೇಡವೆಂದು ಗೊತ್ತಾದರೆ ಮುಂದಿನ ಕೆಲಸ ಅಷ್ಟು ಸುಲಭ.

ಔಷಧಿಯ ಹೊತ್ತು ನಿಗದಿಯಾಗಲಿ, ಪೂರಕ ಅದರ ಸುತ್ತ

ದಿನಚರಿಯಲ್ಲಿ ಮೊದಲು ಕೂರಬೇಕಾದದ್ದು ಔಷಧಿ. ಪೂರಕಕ್ಕಾಗಿ ಔಷಧಿಯ ಹೊತ್ತನ್ನು ಸರಿಸಬೇಡಿ.

ಥೈರಾಯ್ಡ್ ಕೊರತೆಗೆ ಕೊಡುವ ಲಿವೋಥೈರಾಕ್ಸಿನ್ ಅತಿ ಸೂಕ್ಷ್ಮ. ಅದನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ, ತಿಂಡಿಗೆ 30ರಿಂದ 60 ನಿಮಿಷ ಮೊದಲು ತೆಗೆದುಕೊಳ್ಳಬೇಕು. ಐರನ್, ಕ್ಯಾಲ್ಸಿಯಂ, ಆ್ಯಂಟಾಸಿಡ್‌ಗಳಿಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಖನಿಜಗಳಿರುವ ಮಲ್ಟಿವಿಟಮಿನ್‌ಗೂ ಇದೇ ನಿಯಮ, ಮರೆಯುವುದೂ ಇದನ್ನೇ. ಅಂತರ ತಪ್ಪಿದರೆ ಖನಿಜ ಔಷಧಿಗೆ ಅಂಟಿಕೊಂಡು ಎರಡೂ ಕರುಳಿನಿಂದ ಹಾಗೇ ಹೊರಗೆ ಹೋಗುತ್ತವೆ. ಥೈರಾಯ್ಡ್ ಕೊರತೆಯನ್ನು ತೋರಿಸುವ ಟಿಎಸ್‌ಎಚ್ ಹಾರ್ಮೋನ್ ರಕ್ತದಲ್ಲಿ ಏರುತ್ತದೆ, ಕಾರಣ ತಿಳಿಯದೆ ಔಷಧಿಯ ಪ್ರಮಾಣ ಹೆಚ್ಚುತ್ತದೆ. ಮುಂದೆ ಪೂರಕ ನಿಲ್ಲಿಸಿದ ದಿನ ಅದೇ ಔಷಧಿ ಅತಿಯಾಗುತ್ತದೆ.

ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳಿಗೂ ಐರನ್, ಕ್ಯಾಲ್ಸಿಯಂ, ಜಿಂಕ್, ಮೆಗ್ನೀಸಿಯಂ ಹೀಗೇ ಅಂಟಿಕೊಳ್ಳುತ್ತವೆ. ಔಷಧಿ ಮೊದಲು, ಖನಿಜ ಕನಿಷ್ಠ ಎರಡು ಗಂಟೆಯ ನಂತರ. ಖನಿಜ ಮೊದಲು ಹೋಗಿದ್ದರೆ ಔಷಧಿಗೆ ನಾಲ್ಕರಿಂದ ಆರು ಗಂಟೆ ಕಾಯಬೇಕು. ಕೆಲವೇ ದಿನಗಳ ಚಿಕಿತ್ಸೆಯಾದರೆ ಅಷ್ಟು ದಿನ ಪೂರಕವನ್ನೇ ಬಿಡಬಹುದೇ ಎಂದು ವೈದ್ಯರನ್ನು ಕೇಳುವುದು ಜಾಣತನ. ಸೋಂಕು ಉಳಿದುಕೊಳ್ಳುವ ಅಪಾಯದ ಮುಂದೆ ವಾರದ ಜಿಂಕ್ ಯಾವ ಲೆಕ್ಕವೂ ಅಲ್ಲ.

ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಬೇರೇನೂ ಬೇಡ, ಮಲಗಲೂ ಬೇಡ. ಆ ದಿನದ ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಹೋಗಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ, ಹೆಚ್ಚಿನ ಪ್ರಮಾಣದ ವಿಟಮಿನ್ ಇ ಅಥವಾ ಮೀನೆಣ್ಣೆಯನ್ನು ತಾವಾಗಿ ಶುರು ಮಾಡಬಾರದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಹೇಳದೆ ನಿಲ್ಲಿಸಲೂಬಾರದು. ಇಲ್ಲಿ ಗಂಟೆಯ ಅಂತರದಿಂದ ಪ್ರಯೋಜನವಿಲ್ಲ, ಏಕೆಂದರೆ ಘರ್ಷಣೆ ಆಗುವುದು ಕರುಳಿನಲ್ಲಲ್ಲ, ರಕ್ತ ಹೆಪ್ಪುಗಟ್ಟುವ ಪ್ರಕ್ರಿಯೆಯಲ್ಲಿ.

ಐರನ್

ಹೊತ್ತಿನ ಬಗ್ಗೆ ಇಷ್ಟು ಹಟ ಹಿಡಿಯುವ ಪೂರಕ ಇನ್ನೊಂದಿಲ್ಲ. ಅದರ ಹೀರಿಕೆ ನಡೆಯುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ, ಅದೂ ಜಠರದ ಆಮ್ಲದಿಂದ ಕರಗಿ ಬಂದಾಗ. ಹಾಗಾಗಿ ಖಾಲಿ ಹೊಟ್ಟೆಯೇ ಒಳ್ಳೆಯದು: ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆಯ ಮೇಲೆ. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು, ಧಾನ್ಯ ಮತ್ತು ಬೇಳೆಗಳಲ್ಲಿರುವ ಫೈಟೇಟ್, ಹಾಲಿನ ಕ್ಯಾಲ್ಸಿಯಂ ಎಲ್ಲವೂ ಐರನ್ ಹೀರಿಕೆಯನ್ನು ತಗ್ಗಿಸುತ್ತವೆ. ಮಾತ್ರೆಗೆ ಒಂದು ಗಂಟೆ ಮುಂಚೆ, ಒಂದೆರಡು ಗಂಟೆ ನಂತರ ಇವು ಬೇಡ.

ಎದ್ದ ಕೂಡಲೇ ತೆಗೆದುಕೊಳ್ಳುವುದರಲ್ಲಿ ಇನ್ನೊಂದು ಅನುಕೂಲವಿದೆ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಹೆಚ್ಚಿದಷ್ಟೂ ಕರುಳು ಐರನ್ನಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಬೆಳಿಗ್ಗೆ ಅದರ ಮಟ್ಟ ಕಡಿಮೆ, ದಿನ ಏರಿದಂತೆ ಹೆಚ್ಚು. ಐರನ್ ಮಾತ್ರೆಯೇ ಅದನ್ನು ಕೆರಳಿಸುತ್ತದೆ ಕೂಡ: 60 ಮಿಲಿಗ್ರಾಂ ಅಥವಾ ಹೆಚ್ಚಿನ ಒಂದು ಡೋಸ್ ನಂತರ ಸುಮಾರು 24 ಗಂಟೆ ಹೆಪ್ಸಿಡಿನ್ ಏರಿಯೇ ಇರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ನುಂಗಿದರೆ ಎರಡನೆಯದರ ಹೆಚ್ಚಿನ ಪಾಲು ಹೊಟ್ಟೆ ಕೆಡಿಸುವುದಕ್ಕಷ್ಟೇ ಖರ್ಚಾಗುತ್ತದೆ. ಐರನ್ ಸಂಗ್ರಹ ಕಡಿಮೆಯಿದ್ದ ಯುವತಿಯರ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ 60 ಮಿಲಿಗ್ರಾಂ ತೆಗೆದುಕೊಂಡವರು ಅದರಲ್ಲಿ ಸುಮಾರು 16 ಶೇಕಡಾ ಹೀರಿಕೊಂಡರು. ದಿನ ಬಿಟ್ಟು ದಿನ ತೆಗೆದುಕೊಂಡವರು ಸುಮಾರು 22 ಶೇಕಡಾ. ಸೌಮ್ಯ ಕೊರತೆ ಇರುವವರು ಈ ಕ್ರಮದ ಬಗ್ಗೆ ವೈದ್ಯರನ್ನು ಕೇಳಿನೋಡಬೇಕು. ಗರ್ಭಿಣಿಯರು ಮತ್ತು ತೀವ್ರ ರಕ್ತಹೀನತೆ ಇರುವವರು ಬರೆದುಕೊಟ್ಟ ಡೋಸನ್ನು ತಾವಾಗಿ ಬದಲಿಸಬಾರದು.

ವಿಟಮಿನ್ ಸಿ ಐರನ್ನನ್ನು ಕರಗುವ ರೂಪದಲ್ಲಿ ಉಳಿಸುತ್ತದೆ, ಆಹಾರದ ಐರನ್ನಿಗೆ ಇದರಿಂದ ನಿಜಕ್ಕೂ ಸಹಾಯವಾಗುತ್ತದೆ. ಆದರೆ 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬರೀ ಐರನ್ ಮಾತ್ರೆ ತೆಗೆದುಕೊಂಡವರ ಹಿಮೋಗ್ಲೋಬಿನ್ನೂ ಜೊತೆಗೆ ವಿಟಮಿನ್ ಸಿ ಮಾತ್ರೆ ತೆಗೆದುಕೊಂಡವರ ಹಿಮೋಗ್ಲೋಬಿನ್ನೂ ಒಂದೇ ಸಮ ಏರಿತು. ಒಂದು ಲೋಟ ನಿಂಬೆರಸವೋ ಕಿತ್ತಳೆ ರಸವೋ ಇದ್ದರೆ ಒಳ್ಳೆಯದೇ. ಇದಕ್ಕೆಂದೇ ಇನ್ನೊಂದು ಡಬ್ಬಿ ಕೊಳ್ಳಬೇಕಿಲ್ಲ.

ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುವವರು ಬಹಳ. ಹಾಗಾದರೆ ಒಂದಿಷ್ಟು ಹಣ್ಣು ತಿಂದು ತೆಗೆದುಕೊಳ್ಳಿ, ಅಥವಾ ಕಡಿಮೆ ಪ್ರಮಾಣದ ಮಾತ್ರೆ ಕೊಡಬಹುದೇ ಎಂದು ಕೇಳಿ. ಹೀರಿಕೆ ತುಸು ಕಡಿಮೆಯಾದರೂ ತಡೆದುಕೊಂಡು ಮುಂದುವರಿಸುವ ಮಾತ್ರೆಯೇ ಮೇಲು, ವಾರದಲ್ಲಿ ಬಿಟ್ಟುಬಿಡುವ ಮಾತ್ರೆಯಿಂದ ಏನೂ ಆಗದು. ಹೊಟ್ಟೆಗೆ ತೊಂದರೆ ಕೊಡುವುದಿಲ್ಲ ಎಂದು ಜಠರದಲ್ಲಿ ಕರಗದ ಎಂಟರಿಕ್ ಕೋಟಿಂಗ್ ಇರುವ ಮಾತ್ರೆಗೆ ಹೋದರೆ ಬೇರೆ ತೊಡಕಿದೆ: ಕೋಟಿಂಗ್ ಕರಗುವಷ್ಟರಲ್ಲಿ ಐರನ್ ಹೀರುವ ಭಾಗ ದಾಟಿಹೋಗಿರುತ್ತದೆ. ಮಲದ ಬಣ್ಣ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಾಗಿ, ಕೆಟ್ಟ ವಾಸನೆಯೊಂದಿಗೆ, ತಲೆಸುತ್ತೂ ಇದ್ದರೆ ಅದು ಒಳಗಿನ ರಕ್ತಸ್ರಾವವಿರಬಹುದು, ತಡಮಾಡದೆ ವೈದ್ಯರನ್ನು ಕಾಣಿ. ಸಿರಪ್ ಹಲ್ಲಿಗೆ ಕಲೆ ಮಾಡುತ್ತದೆ. ಸ್ಟ್ರಾದಲ್ಲಿ ಕುಡಿದು ಬಾಯಿ ಮುಕ್ಕಳಿಸಿ.

ಸರಿಯಾಗಿ ತೆಗೆದುಕೊಂಡರೆ ಎರಡರಿಂದ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಏರಲು ತೊಡಗುತ್ತದೆ. ಅದು ಸಹಜ ಮಟ್ಟಕ್ಕೆ ಬಂದ ಮೇಲೂ ಸಂಗ್ರಹ ತುಂಬಲು ಸಾಮಾನ್ಯವಾಗಿ ಇನ್ನು ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ. ಕ್ರಮ ಸರಿಯಿದ್ದೂ ಏರದಿದ್ದರೆ ರಕ್ತ ಎಲ್ಲೋ ಸೋರುತ್ತಿರಬಹುದು, ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆಯೋ ಜಠರದ ಸೋಂಕೋ ಇರಬಹುದು. ಆಗ ಬೇಕಾದದ್ದು ತಪಾಸಣೆ. ಹೆಚ್ಚು ಮಾತ್ರೆ ಇದಕ್ಕೆ ಉತ್ತರವಲ್ಲ.

ಕ್ಯಾಲ್ಸಿಯಂ

ಡಬ್ಬಿಯ ಮೇಲೆ ಕಾರ್ಬೊನೇಟ್ ಎಂದಿದೆಯೋ ಸಿಟ್ರೇಟ್ ಎಂದಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಅದು ಊಟದ ಹೊತ್ತಿನಲ್ಲಿ ಸಿಗುತ್ತದೆ. ಊಟದ ಮಧ್ಯೆ ಅಥವಾ ಮುಗಿದ ಕೂಡಲೇ ನುಂಗಿ. ಸಿಟ್ರೇಟ್ ಊಟವಿದ್ದರೂ ಇಲ್ಲದಿದ್ದರೂ ಸರಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂತಹ ಆಮ್ಲ ತಗ್ಗಿಸುವ ಮಾತ್ರೆ ದೀರ್ಘಕಾಲ ತೆಗೆದುಕೊಳ್ಳುವವರಿಗೆ ಸಿಟ್ರೇಟ್ ಹೊಂದುತ್ತದೆ.

ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ, ಪ್ರಮಾಣ ಹೆಚ್ಚಿದಂತೆ ಹೀರಿಕೆಯ ಪಾಲು ಇಳಿಯುತ್ತದೆ. 1000 ಮಿಲಿಗ್ರಾಂ ಬರೆದಿದ್ದರೆ ಮಧ್ಯಾಹ್ನ 500, ರಾತ್ರಿ 500. ಊಟದಲ್ಲೇ ಹಾಲು ಮೊಸರು ಚೆನ್ನಾಗಿದ್ದರೆ ಆ ಹೊತ್ತಿನ ಮಾತ್ರೆ ಬೇಕೇ ಎಂದು ಮರುಯೋಚಿಸಿ. ಮೂತ್ರಪಿಂಡದ ಕಲ್ಲಿನ ಭಯವಿರುವವರಿಗೂ ಊಟದೊಂದಿಗೇ ತೆಗೆದುಕೊಳ್ಳುವುದು ವಾಸಿ: ಕಲ್ಲು ಕಟ್ಟಿಸುವ ಆಹಾರದ ಆಕ್ಸಲೇಟ್ ಕರುಳಿನಲ್ಲೇ ಕ್ಯಾಲ್ಸಿಯಂಗೆ ಅಂಟಿ ಹೊರಹೋಗುತ್ತದೆ. ಐರನ್ನಿಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಮಲಬದ್ಧತೆ ಕಾರ್ಬೊನೇಟಿನ ಸಾಮಾನ್ಯ ದೂರು. ಡೋಸ್ ಒಡೆದು ತೆಗೆದುಕೊಂಡರೆ, ನೀರು ಹೆಚ್ಚಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಜಿಡ್ಡು ಬೇಡುವವು: ಎ, ಡಿ, ಇ, ಕೆ, ಒಮೆಗಾ-3

ಇವು ಜಿಡ್ಡಿನೊಂದಿಗೆ ಮಾತ್ರ ಚೆನ್ನಾಗಿ ಒಳಹೋಗುತ್ತವೆ. ಬೆಳಿಗ್ಗೆ ಬರೀ ಹಣ್ಣು ತಿನ್ನುವವರು ಆಗ ವಿಟಮಿನ್ ಡಿ ನುಂಗುವುದರಲ್ಲಿ ಅರ್ಥವಿಲ್ಲ; ದಿನದ ಅತಿ ದೊಡ್ಡ ಊಟಕ್ಕೆ ಅದನ್ನು ಸರಿಸಿ. ಹೀಗೆ ಸರಿಸಿದ್ದರಿಂದಲೇ ರಕ್ತದಲ್ಲಿ ವಿಟಮಿನ್ ಡಿ ಮಟ್ಟ ಸುಮಾರು 50 ಶೇಕಡಾ ಏರಿದ್ದನ್ನು 2010ರ ಒಂದು ಸಣ್ಣ ಅಧ್ಯಯನ ದಾಖಲಿಸಿದೆ. ರಾತ್ರಿ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ.

ವಾರಕ್ಕೊಮ್ಮೆಯ 60,000 ಐಯು ಡೋಸ್ ಇದ್ದರೆ ವಾರದಲ್ಲಿ ಅದಕ್ಕೊಂದು ದಿನ ನಿಗದಿ ಮಾಡಿ, ಮನೆಯವರಿಗೂ ಹೇಳಿ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದನ್ನೇ ದಿನವೂ ನುಂಗಿಬಿಡುವುದು ಅಪಾಯಕಾರಿ ತಪ್ಪು: ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಅತಿ ಬಾಯಾರಿಕೆ, ವಾಂತಿ, ಮಲಬದ್ಧತೆ, ಗೊಂದಲ ಕಾಣಿಸಿಕೊಂಡು ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4000 ಐಯು ದಾಟಬಾರದು.

ವಿಟಮಿನ್ ಎ ಕೂಡ ದೇಹದಲ್ಲಿ ಶೇಖರವಾಗುತ್ತದೆ. ಗರ್ಭಿಣಿಯರಲ್ಲಿ ರೆಟಿನಾಲ್ ರೂಪದ ಹೆಚ್ಚು ಪ್ರಮಾಣ ಭ್ರೂಣಕ್ಕೆ ಹಾನಿ ಮಾಡುತ್ತದೆ. ವಯಸ್ಕರ ಮಿತಿ ದಿನಕ್ಕೆ 3000 ಮೈಕ್ರೋಗ್ರಾಂ. ಧೂಮಪಾನಿಗಳು ಬೀಟಾ ಕ್ಯಾರೊಟಿನ್ ಮಾತ್ರೆಯಿಂದ ದೂರವಿರಬೇಕು, 1990ರ ದಶಕದ ದೊಡ್ಡ ಪ್ರಯೋಗಗಳಲ್ಲಿ ಅವರ ಶ್ವಾಸಕೋಶ ಕ್ಯಾನ್ಸರ್ ಪ್ರಮಾಣ ಏರಿತ್ತು.

ಮೀನೆಣ್ಣೆಯಲ್ಲಿ ಎಥಿಲ್ ಎಸ್ಟರ್ ರೂಪಕ್ಕೆ ಜಿಡ್ಡಿನ ಊಟ ಬೇಕೇ ಬೇಕು. ಟ್ರೈಗ್ಲಿಸರೈಡ್ ರೂಪ ಅಷ್ಟು ಬೇಡುವುದಿಲ್ಲ. ಮೀನಿನ ವಾಸನೆಯ ತೇಗು ಬರುತ್ತಿದ್ದರೆ ಊಟದ ಆರಂಭದಲ್ಲೇ ನುಂಗಿ, ಎರಡು ಕ್ಯಾಪ್ಸೂಲಿದ್ದರೆ ಎರಡು ಊಟಕ್ಕೆ ಹಂಚಿ.

ಬಿ ಗುಂಪು ಮತ್ತು ಸಿ

ನೀರಿನಲ್ಲಿ ಕರಗುವ ಇವಕ್ಕೆ ಜಿಡ್ಡು ಬೇಡ. ಬಿ ಕಾಂಪ್ಲೆಕ್ಸ್ ಖಾಲಿ ಹೊಟ್ಟೆಯಲ್ಲಿ ವಾಕರಿಕೆ ತರಿಸಿದರೆ ತಿಂಡಿಯ ಜೊತೆಗೆ ತೆಗೆದುಕೊಳ್ಳಿ. ಮೂತ್ರ ಗಾಢ ಹಳದಿಯಾಗುವುದು ರೈಬೊಫ್ಲಾವಿನ್‌ನಿಂದ (ಬಿ2), ಗಾಬರಿ ಬೇಡ.

ಬಿ12ರ ಲೆಕ್ಕ ತಿಳಿದುಕೊಳ್ಳುವಂಥದ್ದು. ಜಠರದಲ್ಲಿ ಉತ್ಪತ್ತಿಯಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಒಂದು ಸಲಕ್ಕೆ ಸುಮಾರು 2 ಮೈಕ್ರೋಗ್ರಾಂ ಮಾತ್ರ ಒಳಗೆ ಸಾಗಿಸಬಲ್ಲದು. ಉಳಿದದ್ದರಲ್ಲಿ ಸುಮಾರು ಒಂದು ಶೇಕಡಾ ತಾನಾಗಿ ಕರುಳಿನ ಗೋಡೆ ದಾಟುತ್ತದೆ. 1000 ಮೈಕ್ರೋಗ್ರಾಂ ಮಾತ್ರೆ ಕೊಡುವುದು ಅದಕ್ಕೇ, ಅದರಲ್ಲಿ ದೇಹಕ್ಕೆ ಸೇರುವುದು ಹತ್ತು ಹನ್ನೆರಡು ಮೈಕ್ರೋಗ್ರಾಂ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯಬಹುದು, ಪರೀಕ್ಷೆ ಮಾಡಿಸಿ. ಬಿ12 ಕೊರತೆ ಇದ್ದು ಬರೀ ಫೋಲಿಕ್ ಆ್ಯಸಿಡ್ ತೆಗೆದುಕೊಂಡರೆ ರಕ್ತಹೀನತೆ ಸರಿಹೋದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಗರ್ಭ ಧರಿಸಲು ಯೋಜಿಸುವವರಿಗೆ ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ, ಕನಿಷ್ಠ ಒಂದು ತಿಂಗಳು ಮೊದಲೇ ಶುರುವಾಗಬೇಕು; ದಿನದ ಯಾವ ಹೊತ್ತಾದರೂ ಸರಿ, ದಿನ ತಪ್ಪಬಾರದು.

ಬಿ6 ನೀರಿನಲ್ಲಿ ಕರಗುತ್ತದೆ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂದು ನಂಬಬೇಡಿ. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಕೈಕಾಲು ಜುಮ್ಮೆನ್ನುವುದು, ಮರಗಟ್ಟುವುದು ಶುರುವಾಗುತ್ತದೆ. ವಿಟಮಿನ್ ಸಿ 1 ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ ಹೀರಲ್ಪಡುತ್ತದೆ, ಉಳಿದದ್ದು ಭೇದಿ ಮಾಡಿಸುತ್ತದೆ. ಹೆಚ್ಚು ಬೇಕಿದ್ದರೆ ಒಡೆದು ತೆಗೆದುಕೊಳ್ಳಿ.

ಜಿಂಕ್, ಮೆಗ್ನೀಸಿಯಂ, ನಾರು, ಉಳಿದವು

ಜಿಂಕ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಒಳಹೋಗುತ್ತದೆ, ಆದರೆ ವಾಕರಿಕೆ ಬಹುತೇಕ ಖಚಿತ. ಹಗುರ ಊಟದೊಂದಿಗೆ ತೆಗೆದುಕೊಳ್ಳಿ, ಐರನ್ನಿನಿಂದ ದೂರವಿಡಿ. ತಿಂಗಳುಗಟ್ಟಲೆ ದಿನಕ್ಕೆ 50 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೆ ತಾಮ್ರದ ಕೊರತೆ ಉಂಟಾಗುತ್ತದೆ. ಮಿತಿ 40 ಮಿಲಿಗ್ರಾಂ.

ಮೆಗ್ನೀಸಿಯಂ ಆಕ್ಸೈಡ್ ಕಡಿಮೆ ಹೀರಲ್ಪಡುತ್ತದೆ, ಭೇದಿ ಹೆಚ್ಚು. ಸಿಟ್ರೇಟ್, ಗ್ಲೈಸಿನೇಟ್ ವಾಸಿ. ಊಟದೊಂದಿಗೆ ತೆಗೆದುಕೊಂಡರೆ ಹೊಟ್ಟೆ ಸುಮ್ಮನಿರುತ್ತದೆ. ನಿದ್ದೆಗೆಂದು ರಾತ್ರಿ ತೆಗೆದುಕೊಳ್ಳುವವರಿದ್ದಾರೆ. ಅದರ ಆಧಾರ ದುರ್ಬಲ, ಆದರೆ ರಾತ್ರಿ ತೆಗೆದುಕೊಳ್ಳುವುದರಿಂದ ತೊಂದರೆಯೂ ಇಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಇಸಬ್ಗೋಲಿನಂತಹ ನಾರಿನ ಪುಡಿಯನ್ನು ದೊಡ್ಡ ಲೋಟ ನೀರಿನಲ್ಲಿ, ಅಂದರೆ ಸುಮಾರು 240 ಮಿಲಿಲೀಟರ್, ಕಲಸಿ ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿಕೊಳ್ಳುತ್ತದೆ. ಔಷಧಿಗೂ ಇದಕ್ಕೂ ಎರಡು ಗಂಟೆ ಅಂತರ. ಪ್ರೊಬಯೋಟಿಕ್ಕನ್ನು ಆ್ಯಂಟಿಬಯೋಟಿಕ್‌ನಿಂದ ಎರಡು ಗಂಟೆಯಾದರೂ ದೂರವಿಡಿ. ವ್ಯಾಯಾಮ ಮಾಡುವವರು ತೆಗೆದುಕೊಳ್ಳುವ ಕ್ರಿಯಾಟಿನ್ 3ರಿಂದ 5 ಗ್ರಾಂ, ಯಾವ ಹೊತ್ತಾದರೂ ನಡೆಯುತ್ತದೆ.

ಇಷ್ಟನ್ನೂ ಒಂದು ದಿನಕ್ಕೆ ಇಳಿಸಿದರೆ

ಐರನ್, ಬಿ12, ಕ್ಯಾಲ್ಸಿಯಂ ಕಾರ್ಬೊನೇಟ್, ವಿಟಮಿನ್ ಡಿ, ಮೆಗ್ನೀಸಿಯಂ ಇರುವ, ಬೇರೆ ಔಷಧಿ ಇಲ್ಲದ ವ್ಯಕ್ತಿಯ ದಿನ ಹೀಗಿರಬಹುದು. ಬೆಳಿಗ್ಗೆ 6.30ಕ್ಕೆ ನೀರಿನೊಂದಿಗೆ ಐರನ್. 8ಕ್ಕೆ ತಿಂಡಿ, ಜೊತೆಗೆ ಬಿ12, ಕಾಫಿ 8.30ಕ್ಕೆ. ಮಧ್ಯಾಹ್ನ 1ಕ್ಕೆ ಊಟದೊಂದಿಗೆ ಕ್ಯಾಲ್ಸಿಯಂ ಮತ್ತು ಡಿ. ರಾತ್ರಿ ಊಟದೊಂದಿಗೆ ಮೆಗ್ನೀಸಿಯಂ.

ಇದೇ ವ್ಯಕ್ತಿಗೆ ಥೈರಾಯ್ಡ್ ಮಾತ್ರೆಯೂ ಇದ್ದರೆ ಚಿತ್ರ ಬದಲಾಗುತ್ತದೆ. 6ಕ್ಕೆ ಲಿವೋಥೈರಾಕ್ಸಿನ್, 7.30ಕ್ಕೆ ತಿಂಡಿ ಮತ್ತು ಬಿ12. ಐರನ್ 11ಕ್ಕೆ ಹೋಗುತ್ತದೆ: ಥೈರಾಯ್ಡ್ ಮಾತ್ರೆಯಿಂದ ಐದು ಗಂಟೆ, ತಿಂಡಿಯಿಂದ ಮೂರೂವರೆ ಗಂಟೆ, ಊಟಕ್ಕೆ ಇನ್ನೂ ಎರಡು ಗಂಟೆ. ನಡುವಿನ 10 ಗಂಟೆಯ ಟೀ ಬಿಡಬೇಕಾಗುತ್ತದೆ. ಮಧ್ಯಾಹ್ನದ ಊಟಕ್ಕೆ ವಿಟಮಿನ್ ಡಿ, ರಾತ್ರಿ ಊಟಕ್ಕೆ ಕ್ಯಾಲ್ಸಿಯಂ. ಮೆಗ್ನೀಸಿಯಂ ಮಧ್ಯಾಹ್ನಕ್ಕೇ ಸರಿಸಿ. ಇಷ್ಟು ಪಾಲಿಸಲಾಗದೆ ದಿನ ತಪ್ಪುತ್ತಿದ್ದರೆ ತೀರಾ ಅಗತ್ಯವಲ್ಲದ ಒಂದನ್ನು ಬಿಡಿ, ಆದರೆ ಥೈರಾಯ್ಡ್ ಮಾತ್ರೆಯ ಅಂತರವನ್ನು ಕಿರಿದು ಮಾಡಬೇಡಿ.

ನುಂಗುವುದು, ಮರೆತದ್ದು, ಇಡುವುದು

ಕುಳಿತೋ ನಿಂತೋ, ತುಂಬಿದ ಲೋಟ ನೀರಿನೊಂದಿಗೆ ನುಂಗಿ. ಐರನ್, ವಿಟಮಿನ್ ಸಿ, ಪೊಟ್ಯಾಸಿಯಂ ಮಾತ್ರೆಗಳು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟ ಹುಣ್ಣು ಮಾಡುತ್ತವೆ. ನುಂಗಿ ಅರ್ಧ ಗಂಟೆ ಮಲಗಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ಒಂದು ಡೋಸ್ ಮರೆತರೆ ಮುಂದಿನದರ ಜೊತೆ ಎರಡು ನುಂಗಬೇಡಿ, ಬಿಟ್ಟುಬಿಡಿ.

ಒಲೆಯ ಪಕ್ಕ, ಬಚ್ಚಲ ಕಪಾಟು ಎರಡೂ ಕೆಟ್ಟ ಜಾಗ: ಶಾಖ ಮತ್ತು ತೇವದಿಂದ ಮಾತ್ರೆ ಕೆಡುತ್ತದೆ. ಒಳಗಿನ ಸಿಲಿಕಾ ಚೀಲವನ್ನು ಎಸೆಯಬೇಡಿ. ಐರನ್ ಇರುವ ಡಬ್ಬಿ, ಬಣ್ಣಬಣ್ಣದ ಗಮ್ಮಿ ಸೇರಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಬಿಗಿ ಮುಚ್ಚಳದೊಂದಿಗೆ ಇರಲೇಬೇಕು. ಬೆರಳೆಣಿಕೆಯಷ್ಟು ಐರನ್ ಮಾತ್ರೆಗಳೂ ಪುಟ್ಟ ಮಗುವಿನ ಜೀವ ತೆಗೆಯಬಲ್ಲವು. ಮಗು ನುಂಗಿದೆಯೆಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ, ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ರಕ್ತಪರೀಕ್ಷೆಗೆ ಹೋಗುವ ಮುನ್ನ ನಿಮ್ಮ ಹಾಳೆಯನ್ನು ವೈದ್ಯರಿಗೆ ತೋರಿಸಿ. ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪು ತೋರಿಸುವಂತೆ ಮಾಡಬಲ್ಲದು. ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಸೀರಂ ಐರನ್ ಪರೀಕ್ಷೆಯಿದ್ದರೆ ಹಿಂದಿನ 24 ಗಂಟೆ ಐರನ್ ಮಾತ್ರೆ ಬೇಡ. ತುರ್ತು ಚಿಕಿತ್ಸೆಗೆ ಹೋದಾಗ ಬಯೋಟಿನ್ ವಿಷಯವನ್ನು ಯಾರೂ ಕೇಳದಿದ್ದರೂ ನೀವೇ ಹೇಳಿ.